ಗೇಟಿಗೆ ಕಟ್ಟಿ ಬಂದ ಕಾರು

ನನ್ನ ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕಿ, ಕಡ್ಡಿ ಮುರಿದ ಒಂದು ಛತ್ರಿ, ಇವುಗಳ ನಡುವೆ ಕತ್ತಾಳೆ ನಾರಿನ ಹಗ್ಗವೊಂದು ಸುರುಳಿ ಸುತ್ತಿಕೊಂಡು ಮಲಗಿದೆ. ಸರ್ವೀಸಿಗೆ ಬಿಟ್ಟಾಗಲೆಲ್ಲ ಅಲ್ಲಿಯವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಎಸೆದುಬಿಡಬಹುದೇ ಎಂದು ಕೇಳುತ್ತಾರೆ. ಬೇಡ ಎನ್ನುತ್ತೇನೆ. ಗಾಡಿ ಕೆಟ್ಟರೆ ಎಳೆಸುವುದಕ್ಕೆ ಇಟ್ಟುಕೊಂಡಿದ್ದೇನೆ ಎಂದುಕೊಂಡು, ಇದಕ್ಕಿಂತ ಗಟ್ಟಿಯಾದದ್ದು ಅಂಗಡಿಯಲ್ಲಿ ಸಿಗುತ್ತದೆ ಎಂದು ಬುದ್ಧಿ ಹೇಳುತ್ತಾರೆ. ಪಾಪ, ಅವರಿಗೇನು ಗೊತ್ತು. ಇದು ಕಾರು ಎಳೆಯುವ ಹಗ್ಗ ಅಲ್ಲ, ಕಾರು ಕಟ್ಟುವ ಹಗ್ಗ. ನಮ್ಮವ್ವ ಇದರಲ್ಲಿ ಹೊಚ್ಚ ಹೊಸ ಕಾರೊಂದನ್ನು ಗೇಟಿಗೆ ಕಟ್ಟಿ, ಬಸ್ಸು ಹತ್ತಿ ಮನೆಗೆ ಬಂದಿದ್ದಳು.

ನೀವು ನಗುತ್ತಿದ್ದೀರಿ. ನಗಿ, ಪರವಾಗಿಲ್ಲ. ಆಗ ನಮ್ಮ ಚಿನಕುರಳಿಯೂ ನಕ್ಕಿತ್ತು. ನಕ್ಕವರೆಲ್ಲ ಆಮೇಲೆ ಆ ಕಾರನ್ನು ನೋಡಲು ಬಂದು, ಕಾಫಿ ಕುಡಿದು, ಮುಂದಕ್ಕೆ ಹೋಗದೆ ಹಿಂದುಗಡೆಗೇ ಹೋಗಿ ನಿಂತು ನೋಡಿಕೊಂಡು ಹೋದರು ಎನ್ನುವುದನ್ನೂ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆಯ ಎತ್ತುಗಳು ಹೋಗಿ ಟ್ರಾಕ್ಟರು ಬಂದಿತ್ತು. ನಾನು ಪಾಂಡವಪುರದ ಕಾಲೇಜಿಗೆ ಹೋಗುತ್ತಿದ್ದೆ, ಮನೆಯಲ್ಲಿ ಇಂಗ್ಲಿಷು ಓದಬಲ್ಲವಳು ನಾನೊಬ್ಬಳೇ ಎಂಬ ಜಂಬ ನನ್ನ ಜಡೆಯಷ್ಟೇ ಉದ್ದ ಇತ್ತು. ಅಪ್ಪನಿಗೆ ಅದು ಹೇಗೋ ಕಾರಿನ ಹುಚ್ಚು ಹಿಡಿಯಿತು. ಹಿಡಿಸಿದವರು ರಹಮತ್ ಸಾಬ್ರು. ಶ್ರೀರಂಗಪಟ್ಟಣದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದ ಅವರು ಅಪ್ಪನ ಹಳೇ ಸ್ನೇಹಿತರು. ನಮ್ಮ ಕಡೆ ಮದುವೆಗೆ ಬಾಡಿಗೆ ಬಂದಾಗಲೆಲ್ಲ ನಮ್ಮ ಜಗಲಿಯ ಮೇಲೆ ಕೂತು ಅವ್ವನ ಕೈಯ ಮಜ್ಜಿಗೆ ಕುಡಿದೇ ಹೋಗುವವರು. ಪಟ್ಟಣದ ಹೊರಗೆ ಹೆದ್ದಾರಿ ಪಕ್ಕದಲ್ಲಿ ಹೊಸದಾಗಿ ಕಾರಿನ ಷೋರೂಮೊಂದು ತೆರೆದಿದೆ, ಗಾಜಿನ ಮನೆ, ಒಳಗೆ ಹೋದರೆ ಚಳಿ ಎಂದು ಅವರೇ ಸುದ್ದಿ ತಂದದ್ದು. ಆಮೇಲೆ ಒಂದು ದಿನ ಎರಡು ಕಾರುಗಳ ಎರಡು ಬ್ರೋಷರನ್ನೂ ತಂದುಕೊಟ್ಟರು. ನಮ್ಮೂರಲ್ಲಿ ಅದಕ್ಕೆ ಪಾಂಪ್ಲೆಟ್ಟು ಎನ್ನುತ್ತಿದ್ದರು. ಅಂಥ ನುಣುಪಾದ ಕಾಗದವನ್ನು ನಾನು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಓದುವ ಮೊದಲು ಮೂಸಿ ನೋಡಿದೆ.

ನಮ್ಮ ಮನೆಯಲ್ಲಿ ಬಿತ್ತನೆ ಕಬ್ಬಿನಿಂದ ಹಿಡಿದು ಅಳಿಯನವರೆಗೆ ಎಲ್ಲವನ್ನೂ ಆರಿಸುವುದು ಅಪ್ಪನೇ. ಸಾರಿಗೆ ಅವರೆಕಾಳೋ ಹುರುಳಿಕಾಳೋ ಎನ್ನುವುದು ಮಾತ್ರ ಅವ್ವನದು, ಅದೂ ಅಪ್ಪ ಸಂತೆಯಿಂದ ಏನು ತಂದಿದ್ದಾನೆ ಎನ್ನುವುದರ ಮೇಲೆ. ಅಂಥ ಅಪ್ಪ ಆವತ್ತು ಯಾವ ಗುಂಗಿನಲ್ಲಿದ್ದನೋ, ಎರಡು ಪಾಂಪ್ಲೆಟ್ಟನ್ನೂ ಅವ್ವನ ಮುಂದೆ ಹಾಸಿ, ನೀನೇ ಯೋಳು ಅಂದುಬಿಟ್ಟ. ಅವ್ವ ರಾಗಿ ಬೀಸಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೂತಳು. ಬಣ್ಣ ನೋಡಲಿಲ್ಲ, ಸೀಟು ನೋಡಲಿಲ್ಲ. ಪುಟ ತಿರುವಿ ತಿರುವಿ ಕೊನೆಗೆ ಒಂದು ಚಿತ್ರದ ಮೇಲೆ ಬೆರಳಿಟ್ಟಳು. ಕಾರಿನ ಹಿಂಭಾಗದ ಚಿತ್ರ ಅದು. ಹಿಂದಿನ ಗಾಜಿನ ಮೇಲೆ ಪುಟ್ಟದೊಂದು ವೈಪರು ಒರಗಿಕೊಂಡಿತ್ತು.

"ಇದು ತರಾನ. ಇದ್ಕೆ ಇಂದ್ಗಡೆ ಗಾಜು ಒರ್ಸಕ್ಕೆ ಕೈ ಅದೆ. ಕುಂತ್ಕಂಡು ಇಂದೆ ನೋಡ್ಬೋದು."

ಇದನ್ನು ತಿಳಿಯಬೇಕಾದರೆ ನೀವು ಎತ್ತಿನ ಗಾಡಿಯಲ್ಲಿ ಹಿಂದೆ ಕೂತಿರಬೇಕು. ಅವ್ವನ ತವರು ನಾಗಮಂಗಲದ ಕಡೆಯ ಹೊಣಕೆರೆ. ಮದುವೆಯಾದ ಹೊಸತರಲ್ಲಿ ತವರಿನಿಂದ ಬರುವಾಗ ಗಾಡಿ. ಹೆಂಗಸರು ಗಾಡಿಯ ಹಿಂಭಾಗದಲ್ಲಿ ಕಾಲು ಇಳಿಬಿಟ್ಟು, ಬಂದ ದಾರಿಗೆ ಮುಖಮಾಡಿ ಕೂರುವುದು ವಾಡಿಕೆ. ಊರ ಮುಂದಿನ ಬೇವಿನ ಮರದ ತನಕ ಅಜ್ಜಿ ಬಂದು ನಿಲ್ಲುವಳು. ಕೈ ಬೀಸಿ ಟಾಟಾ ಮಾಡುವುದೆಲ್ಲ ಅವರಿಗೆ ಗೊತ್ತಿಲ್ಲ. ಅಜ್ಜಿ ಸೆರಗು ಹಿಡಿದು ನಿಂತಿರುವಳು, ಅವ್ವ ಗಾಡಿಯ ಗೂಟ ಹಿಡಿದು ಕೂತಿರುವಳು, ದಾರಿ ತಿರುಗುವವರೆಗೆ ಇಬ್ಬರೂ ನೋಡುತ್ತಿರುವುದು, ಅಷ್ಟೆ. ಗಂಡನ ಮನೆಗೆ ಹೊರಟವಳು ತಿರುಗಿ ನೋಡಬಾರದು ಎಂದು ಹಿರಿಯರು ಹೇಳುತ್ತಿದ್ದರಂತೆ. ಹಿಂದಕ್ಕೇ ಮುಖ ಹಾಕಿ ಕೂತವಳಿಗೆ ತಿರುಗುವ ಕೆಲಸವೇ ಇಲ್ಲವಲ್ಲ ಎಂದು ಅವ್ವ ನಗುತ್ತಿದ್ದಳು.

ಬಸ್ಸು ಬಂದಮೇಲೆ ಅದಕ್ಕೂ ಕಲ್ಲು ಬಿತ್ತು. ಬಸ್ಸಿನಲ್ಲಿ ಕೂತರೆ ಮುಂದಿನವರ ಬೆನ್ನು ನೋಡಬೇಕು. ಅವ್ವ ಹಟ ಹಿಡಿದು ಹಿಂದಿನ ಉದ್ದ ಸೀಟಿಗೇ ಹೋಗಿ, ಮಂಡಿಯೂರಿ, ಹಿಂದಿನ ಗಾಜನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. ಧೂಳು ಇರುವುದು ಹೊರಗೆ, ಒಳಗೆ ಎಷ್ಟು ಉಜ್ಜಿದರೇನು? ಕಂಡಕ್ಟರು ಬೈಯುತ್ತಿದ್ದ, ನನಗೆ ನಾಚಿಕೆಯಾಗಿ ನಾನು ಬೇರೆ ಯಾರದೋ ಮಗಳ ಹಾಗೆ ಮುಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಕಾರಿನಲ್ಲಾದರೂ ಅಷ್ಟೇ ಎಂದು ಅವಳಿಗೆ ಗೊತ್ತಿತ್ತು. ಚಿನಕುರಳಿಯ ಕಲ್ಲು ಕ್ವಾರಿಯ ಲಾರಿಗಳು ಎಬ್ಬಿಸುವ ಧೂಳಿನಲ್ಲಿ ರಹಮತ್ ಸಾಬ್ರ ಕಾರಿನ ಹಿಂದಿನ ಗಾಜು ಯಾವಾಗಲೂ ರೊಟ್ಟಿ ಹಂಚಿನಂತೆ ಇರುತ್ತಿತ್ತು. ಈಗ ಯಾರೋ ಪುಣ್ಯಾತ್ಮರು ಆ ಗಾಜಿಗೊಂದು ಕೈ ಮಾಡಿದ್ದಾರೆ. ಅವ್ವನಿಗೆ ಆ ಕಾರಿನಲ್ಲಿ ಬೇಕಾಗಿದ್ದದ್ದು ಆ ಕೈ ಒಂದೇ.

ಕಾರು ತರುವ ದಿನ ಅಪ್ಪ, ರಹಮತ್ ಸಾಬ್ರು, ಇಂಗ್ಲಿಷಿಗೆ ಬೇಕಾಗುತ್ತದೆ ಎಂದು ನಾನು, ಮೂವರೂ ಹೋದೆವು. ಅವ್ವ ಆರತಿಗೆ ಅಣಿ ಮಾಡಲು ಮನೆಯಲ್ಲೇ ಉಳಿದಳು. ಆ ಟ್ರಾಕ್ಟರೊಂದನ್ನು ಬಿಟ್ಟರೆ ಅಪ್ಪ ಆಯುಷ್ಯದಲ್ಲೆಲ್ಲ ಕೊಂಡದ್ದು ಎತ್ತು. ಆದ್ದರಿಂದ ಕಾರನ್ನೂ ಎತ್ತು ನೋಡಿದ ಹಾಗೇ ನೋಡಿದ. ಬಾಯಿ ಬಿಡಿಸಿದಂತೆ ಬಾನೆಟ್ ಎತ್ತಿಸಿದ. ಗೊರಸು ನೋಡುವವನಂತೆ ಕುಕ್ಕರುಗಾಲಿನಲ್ಲಿ ಕೂತು ಟೈರುಗಳನ್ನು ಒತ್ತಿದ. ಭುಜ ತಟ್ಟಿದಂತೆ ಬಾಗಿಲು ತಟ್ಟಿದ. ನಡಿಗೆ ನೋಡಬೇಕು ಎಂದು ರಹಮತ್ ಸಾಬ್ರ ಕೈಲಿ ಗೇಟಿನ ತನಕ ಓಡಿಸಿ ತರಿಸಿದ. ಇಷ್ಟೆಲ್ಲ ಮಾಡಿದವನು ಹಿಂದುಗಡೆಗೆ ಮಾತ್ರ ಹೋಗಲಿಲ್ಲ. ಕೊಳ್ಳುವ ದನದ ಹಿಂದೆ ತಿಳಿದವನು ನಿಲ್ಲುವುದಿಲ್ಲ, ಒದೆ ಬೀಳುತ್ತದೆ. ಅದು ಮೈಗೆ ಹತ್ತಿದ ಅಭ್ಯಾಸ. ನಾನು ಏಕೆ ನೋಡಲಿಲ್ಲ ಎನ್ನುತ್ತೀರಾ? ಷೋರೂಮಿನವರು ಬಾಟಲಿಯಲ್ಲಿ ತಣ್ಣನೆಯ ಕೂಲ್‌ಡ್ರಿಂಕ್ಸು ಕೊಟ್ಟಿದ್ದರು, ನಾನು ಅದರ ಧ್ಯಾನದಲ್ಲಿದ್ದೆ.

ಮನೆ ಮುಂದೆ ಕಾರು ನಿಂತಿತು. ಅಕ್ಕಪಕ್ಕದವರು ನೆರೆದರು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಅವ್ವ ಹೊಸ ಸೀರೆ ಉಟ್ಟು, ಆರತಿ ತಟ್ಟೆ ಹಿಡಿದು ಕಾರನ್ನು ಬಲಗಡೆಯಿಂದ ಸುತ್ತುತ್ತಾ ಹಿಂದಕ್ಕೆ ಹೋದವಳು ಮುಂದಕ್ಕೆ ಬರಲೇ ಇಲ್ಲ. ತಟ್ಟೆಯ ದೀಪ ಆ ಗಾಜಿನಲ್ಲಿ ಕಾಣುತ್ತಾ ಅಲ್ಲೇ ನಿಂತಿತ್ತು. ಅಪ್ಪ ಹೋಗಿ ನೋಡಿದ. ನಾವೂ ಹೋದೆವು.

"ಕೈ ಎಲ್ಲಿ?" ಅಂದಳು ಅವ್ವ.

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಮುಖ ಸಣ್ಣದಾಯಿತು. ಊರವರ ಮುಂದೆ ಮಾನ ಹೋದೀತೆಂದು ಮೆಲ್ಲಗೆ, "ಓಗ್ಲಿ ಬುಡು, ಮುಂದ್ಗಡೆ ಎಲ್ಡವೆ" ಎಂದ.

"ಮುಂದ್ಗಡೆವು ನಿಮ್ಗೆ. ಇಂದ್ಗಡೇದು ನಂಗೆ" ಎಂದು ಅವ್ವ ತಟ್ಟೆಯನ್ನು ಹಾಗೇ ಹಿಡಿದುಕೊಂಡು ಒಳಗೆ ನಡೆದಳು. ಕುಂಕುಮ ಇಡಲಿಲ್ಲ, ದೃಷ್ಟಿಯ ನೀರು ನಿವಾಳಿಸಲಿಲ್ಲ. ಆರತಿ ಆಗದ ಗಾಡಿಗೆ ಮನೆಯವರು ಹತ್ತುವ ಹಾಗಿಲ್ಲ. ನೆರೆದವರು ಮಂಡಕ್ಕಿ ತಿಂದು, ಒಳಗೊಳಗೇ ನಗುತ್ತಾ ಹೋದರು. ಕಾರು ಹೊಂಗೆ ಮರದ ಕೆಳಗೆ ನಿಂತಿತು, ಸಂಜೆಗೆ ನಮ್ಮ ಕೋಳಿಗಳು ಅದರ ಮೇಲೆ ಹತ್ತಿ ಕೂತವು.

ಮಾರನೆಯ ದಿನ ಅಪ್ಪ ಊರಿನ ಎಸ್‌ಟಿಡಿ ಅಂಗಡಿಯಿಂದ ಷೋರೂಮಿಗೆ ಫೋನು ಮಾಡಿಸಿದ. ಮಾತಾಡಿದವಳು ನಾನು. ಆ ಕಡೆಯವರು ಬಹಳ ನಯವಾಗಿ, ಆ ವೈಪರು ಮೇಲಿನ ಮಾಡೆಲ್ಲಿಗೆ ಮಾತ್ರ, ಪಾಂಪ್ಲೆಟ್ಟಿನ ಕೊನೆಯಲ್ಲಿ ಬರೆದಿದೆ ನೋಡಿ ಎಂದರು. ನೋಡಿದೆ. ಇತ್ತು. ಚಿತ್ರದ ಮೂಲೆಯಲ್ಲಿ ಜೀರಿಗೆಯಷ್ಟು ಒಂದು ನಕ್ಷತ್ರ, ಅದರ ಜೋಡಿ ಕೊನೆಯ ಪುಟದ ತಳದಲ್ಲಿ, ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರ. ಚಿತ್ರದಲ್ಲಿ ಕಾಣುವುದೆಲ್ಲ ಕಾರಿನಲ್ಲಿ ಇರಬೇಕೆಂದಿಲ್ಲ ಎನ್ನುವ ಅರ್ಥ. ನಾನು ಅದನ್ನು ಕಂಡುಹಿಡಿದ ಹೆಮ್ಮೆಯಲ್ಲಿ ಅವ್ವನಿಗೆ ಓದಿ, ಕನ್ನಡ ಮಾಡಿ ವಿವರಿಸಿದೆ. ಅವ್ವ ಪುಟವನ್ನು ಬೆಳಕಿಗೆ ಹಿಡಿದು ನೋಡಿದಳು.

"ಯೋಳಕ್ಕೆ ನಾಚ್ಕೆ ಆಗೋ ಮಾತ್ನ ತಾನೆ ಕಣವ್ವಾ ಅಷ್ಟು ಸಣ್ಣಕೆ ಬರೆಯೋದು?" ಅಂದಳು.

ನನ್ನ ಇಂಗ್ಲಿಷು ಅಲ್ಲಿಗೆ ಮುಗಿಯಿತು. ಇವತ್ತಿಗೂ ನಾನು ಏನಾದರೂ ಸಹಿ ಮಾಡುವ ಮೊದಲು ಸಣ್ಣ ಅಕ್ಷರವನ್ನೇ ಮೊದಲು ಓದುತ್ತೇನೆ. ದೊಡ್ಡ ಅಕ್ಷರದಲ್ಲಿ ಎಲ್ಲರೂ ಒಳ್ಳೆಯವರೇ.

ಈಗ ಸ್ವಲ್ಪ ಎತ್ತಿನ ವಿಷಯ ಹೇಳಬೇಕು. ನಮ್ಮ ಕಡೆ ದನದ ವ್ಯಾಪಾರದಲ್ಲಿ ಕಾಗದ ಪತ್ರ ಇಲ್ಲ, ಬಾಯಿ ಮಾತು. ಕೊಂಡ ಎತ್ತು ಮಾತಿಗೆ ತಪ್ಪಿದರೆ ಜಗಳವೂ ಇಲ್ಲ. ಅದನ್ನು ಮಾರಿದವನ ಮನೆಗೆ ಹೊಡೆದುಕೊಂಡು ಹೋಗಿ, ಅವನ ಬಾಗಿಲ ಕಂಬಕ್ಕೆ ಕಟ್ಟಿ, ಒಂದು ಮಾತೂ ಆಡದೆ, ಅವನ ಮನೆಯ ನೀರೂ ಮುಟ್ಟದೆ ವಾಪಸು ಬರುವುದು. ಆ ಹಗ್ಗವನ್ನು ಅವನು ಬಿಚ್ಚಿದ ಎಂದರೆ ತಪ್ಪು ಒಪ್ಪಿದ ಹಾಗೆ. ಬಿಚ್ಚದೆ ಹೋದರೆ ದನ ಅಲ್ಲೇ ನಿಂತಿರುತ್ತದೆ, ದಾರಿಹೋಕರೆಲ್ಲ ನೋಡುತ್ತಾರೆ. ಕಟ್ಟಿದ ದನ ಬಾಗಿಲಲ್ಲಿ ಇರುವ ತನಕ ಆ ಮನೆಯವನ ಹತ್ತಿರ ಯಾರೂ ಕೊಡುವುದಿಲ್ಲ, ಕೊಳ್ಳುವುದಿಲ್ಲ. ಅಪ್ಪನೇ ಒಮ್ಮೆ ಕೆ.ಆರ್. ಪೇಟೆ ಆಚೆಯ ಒಬ್ಬ ಗೌಡರಿಗೆ ಹೀಗೆ ಮಾಡಿದ್ದ. ನೊಗದ ಎರಡೂ ಕಡೆ ನಡೆಯುತ್ತದೆ ಎಂದು ಅವರು ಆಣೆ ಇಟ್ಟು ಮಾರಿದ್ದ ಎತ್ತು, ಎಡಕ್ಕೆ ಹೂಡಿದ ಕೂಡಲೇ ನೆಂಟರ ಮನೆಗೆ ಬಂದವರ ಹಾಗೆ ಕಾಲು ಮಡಚಿ ಮಲಗಿಬಿಡುತ್ತಿತ್ತು. ಕಟ್ಟಿ ಬಂದ ಮಾರನೆಯ ದಿನ ಆ ಗೌಡರು ಬೇರೆ ಎತ್ತನ್ನು ತಾವೇ ಹೊಡೆದುಕೊಂಡು ಬಂದು, ನಮ್ಮ ಮನೆಯಲ್ಲಿ ಉಂಡು, ನಗುನಗುತ್ತಾ ಹೋದರು.

ಅವ್ವ ಈ ಕಥೆಯನ್ನು ಅಪ್ಪನಿಗೆ ನೆನಪು ಮಾಡಿದಳು. ಅಪ್ಪ ಹೌಹಾರಿದ. ಅದೇನು ಎತ್ತೇ, ಕಟ್ಟಿ ಬರುವುದಕ್ಕೆ? ಜನ ಏನೆಂದಾರು? ಅಪ್ಪನ ಬಾಯಿಂದ ಎಲ್ಲ ನ್ಯಾಯವೂ ಬಂತು, ಕೈ ಒಂದು ಬರಲಿಲ್ಲ. ಅವ್ವ ಕೊಟ್ಟಿಗೆಗೆ ಹೋಗಿ, ಎತ್ತುಗಳು ಹೋದಮೇಲೆ ಗೂಟದಲ್ಲೇ ನೇತುಬಿದ್ದಿದ್ದ ಹಗ್ಗವನ್ನು ತೆಗೆದು ಕೊಡವಿದಳು.

"ಎತ್ಗೆ ಒಂದ್ ನ್ಯಾಯ, ನಂಗೆ ಒಂದ್ ನ್ಯಾಯ್ವಾ?" ಅಂದಳು.

ನೋಡಿ, ಅವ್ವ ಕಿರುಚಿದವಳಲ್ಲ. ಅತ್ತವಳೂ ಅಲ್ಲ. ಅಷ್ಟು ವರ್ಷದ ಸಂಸಾರದಲ್ಲಿ ಅವಳು ತನಗೆಂದು ಬಾಯಿಬಿಟ್ಟು ಕೇಳಿದ್ದು ಅದೊಂದು. ಅದಕ್ಕೂ ಹೋಗಲಿ ಬುಡು ಎಂದರೆ, ಇನ್ನು ಹೋಗಲಿ ಬುಡು ಎನ್ನಿಸಿಕೊಳ್ಳುವುದೇ ಬಾಳು ಎಂದಾಯಿತಲ್ಲ. ಅಪ್ಪ ಎದ್ದು ರಹಮತ್ ಸಾಬ್ರಿಗೆ ಹೇಳಿಕಳಿಸಿದ.

ಸಾಬ್ರು ಕಾರು ಓಡಿಸಿಕೊಂಡು ಮುಂದೆ ಹೋದರು, ವಾಪಸು ಬಿಡಲು ಹೋಗುವುದಕ್ಕೆ ಶಾಸ್ತ್ರ ಅಡ್ಡಬರುವುದಿಲ್ಲ ಎಂದು ಪಕ್ಕದಲ್ಲಿ ಅಪ್ಪ. ಆರತಿಯಾಗದ ಕಾರಿಗೆ ತಾನು ಹತ್ತುವುದಿಲ್ಲ ಎಂದ ಅವ್ವ ಹಗ್ಗವನ್ನು ಬ್ಯಾಗಿನಲ್ಲಿಟ್ಟುಕೊಂಡು ನನ್ನ ಜೊತೆ ಬಸ್ಸಿನಲ್ಲಿ ಬಂದಳು. ಆಯುಧಪೂಜೆ ಹತ್ತಿರವಿದ್ದ ದಿನಗಳು, ಷೋರೂಮಿನಲ್ಲಿ ಜನವೋ ಜನ. ಸಾಬ್ರು ಕಾರನ್ನು ಗೇಟಿನ ಪಕ್ಕ, ಯಾರ ದಾರಿಗೂ ಅಡ್ಡವಾಗದಂತೆ ನಿಲ್ಲಿಸಿದರು. ಅಪ್ಪ ರಸ್ತೆಯಾಚೆ ಎಳನೀರಿನವನ ಹತ್ತಿರ ಹೋಗಿ, ಎಳನೀರಿನ ರಾಶಿಯ ಹಿಂದೆ ಪೂರ್ತಿ ಮರೆಯಾದ. ಅವ್ವ ಬಗ್ಗಿ, ಕಾರಿನ ಮುಂದಿನ ಕೊಂಡಿಗೆ ಹಗ್ಗ ಏರಿಸಿ, ಇನ್ನೊಂದು ತುದಿಯನ್ನು ಗೇಟಿನ ಕಂಬಕ್ಕೆ ಸುತ್ತಿ, ಎತ್ತಿಗೆ ಹಾಕುವ ಗಂಟನ್ನೇ ಹಾಕಿದಳು. ನನ್ನ ಕೈಯಲ್ಲಿ ಕೀಲಿಯನ್ನು ಒಳಗಿನ ಮೇಜಿನ ಮೇಲೆ ಇಡಿಸಿದಳು. ಒಳಗಿದ್ದವರು ಯಥಾಪ್ರಕಾರ ನಗುಮುಖದಿಂದ ಬಾಟಲಿ ಚಾಚಿದರು. ಗಾಜಿನ ಆಚೆಯಿಂದ ಅವ್ವ ನನ್ನನ್ನು ನೋಡಿದಳು. ನಾನು ಬಾಟಲಿಯನ್ನು ಆಸೆಗಣ್ಣಿನಿಂದ ನೋಡಿ, ಬೇಡ ಎಂದು ಬಂದೆ. ಅಷ್ಟು ಬಾಯಾರಿಕೆ ನನಗೆ ಮತ್ತೆ ಯಾವತ್ತೂ ಆಗಿಲ್ಲ. ಹಿಂತಿರುಗುವ ಬಸ್ಸಿನಲ್ಲಿ ಅವ್ವ ಮೊದಲ ಸಲ ಮುಂದಿನ ಸೀಟಿನಲ್ಲಿ ಕೂತಳು, ಹಿಂದಕ್ಕೆ ಒಮ್ಮೆಯೂ ನೋಡಲಿಲ್ಲ.

ಆಮೇಲಿನದನ್ನು ರಹಮತ್ ಸಾಬ್ರು ಬಾಡಿಗೆಗೆ ಬಂದಾಗಲೆಲ್ಲ ಉಪ್ಪುಖಾರ ಹಚ್ಚಿ ಹೇಳುತ್ತಿದ್ದರು. ಮೊದಲು ಮ್ಯಾನೇಜರು ನಕ್ಕರಂತೆ. ಅವರು ಎತ್ತು ಕಟ್ಟುವ ಊರಿನವರಲ್ಲ. ಬಿಚ್ಚಿ ಒಳಗೆ ತನ್ನಿ ಎಂದು ವಾಚ್‌ಮನ್‌ಗೆ ಹೇಳಿದರಂತೆ. ಅವನು ನಮ್ಮ ಕಡೆಯವನೇ, ಬಿಚ್ಚುವುದಾದರೆ ನೀವು ಬಿಚ್ಚಿ ಸಾ ಎಂದು ಕೈ ಕಟ್ಟಿಕೊಂಡನಂತೆ. ಪಾಂಡವಪುರದ ಬಸ್ಸು, ಕೆ.ಆರ್. ಪೇಟೆಯ ಬಸ್ಸು ಆ ದಾರಿಯಲ್ಲೇ ಹೋಗಬೇಕು. ಕಿಟಕಿಯಿಂದ ಕತ್ತು ಚಾಚಿದವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಹಗ್ಗ ಕಂಡರೆ ಸಾಕು, ಮಾರಿದವನು ಮಾತು ತಪ್ಪಿದ್ದಾನೆ ಎಂದು ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ಕಾರು ಕೊಳ್ಳಲು ಬಂದ ಬೆಳೆಗಾರರು ಗೇಟಿನಲ್ಲಿ ನಿಂತು, ಹಗ್ಗ ನೋಡಿ, ಇದು ಇತ್ಯರ್ಥ ಆಗಲಿ ಆಮೇಲೆ ಬರುತ್ತೇವೆ ಎಂದು ಹಾಗೇ ಹೊರಟುಹೋಗುತ್ತಿದ್ದರಂತೆ. "ಅಲ್ಲಾನಾಣೆ ಅಕ್ಕಾ, ಅಂಗಡಿ ಖಾಲಿ" ಎಂದು ಸಾಬ್ರು ಮಜ್ಜಿಗೆ ಲೋಟ ಕೆಳಗಿಟ್ಟರು. ಅವ್ವ ಇನ್ನೊಂದು ಲೋಟ ತುಂಬಿಸಿದಳು.

ಕೊನೆಗೆ ಮ್ಯಾನೇಜರು ತಾವೇ ನಮ್ಮ ಮನೆಗೆ ಬಂದರು. ಒಳ್ಳೆಯವರೇ ಪಾಪ, ಬೆವರು ಒರೆಸಿಕೊಳ್ಳುತ್ತಾ ಜಗಲಿಯ ತುದಿಯಲ್ಲಿ ಕೂತರು. ಸೀಟಿಗೆ ಹಾಕುವ ಕವರು, ಕಾಲಿಗೆ ಹಾಸುವ ಮ್ಯಾಟು, ಮುಂದೆ ಅಂಟಿಸುವ ಗಣಪತಿ, ಸೆಂಟಿನ ಬಾಟಲಿ, ಎಲ್ಲವನ್ನೂ ಬೀಗರ ಮನೆಗೆ ಬಂದವರಂತೆ ಒಂದೊಂದಾಗಿ ಮುಂದಿಟ್ಟರು. ಅಪ್ಪನ ಕಣ್ಣು ಗಣಪತಿಯ ಮೇಲೆ ಹೋಯಿತು, ನನ್ನದು ಸೆಂಟಿನ ಮೇಲೆ. ಅವ್ವ ಬಾಗಿಲ ಹತ್ತಿರ ನಿಂತೇ ಇದ್ದಳು.

"ಕೈನೇ ಇಲ್ದೋಳ್ಗೆ ಬಳೆ ತೊಡುಸ್ತೀರಲ್ಲಪ್ಪಾ" ಅಂದಳು.

ಮ್ಯಾನೇಜರು ಎಲ್ಲವನ್ನೂ ಮತ್ತೆ ಚೀಲಕ್ಕೆ ತುಂಬಿಕೊಂಡು ಎದ್ದರು. ಹೋಗಿ, ತಮ್ಮ ಕೈಯಾರೆ ಆ ಗಂಟು ಬಿಚ್ಚಿದರಂತೆ. ಅದು ಬಿಚ್ಚಲು ಬರದೆ ಉಗುರು ಮುರಿದುಕೊಂಡರು ಎನ್ನುವುದು ಸಾಬ್ರ ಸೇರ್ಪಡೆ ಇರಬೇಕು.

ಆಯುಧಪೂಜೆಯ ಹಿಂದಿನ ದಿನ ಕಾರು ಬಂತು. ಷೋರೂಮಿನಲ್ಲಿ ತೋರಿಸಲು ನಿಲ್ಲಿಸಿದ್ದ ಮೇಲಿನ ಮಾಡೆಲ್ಲಿನ ಹಿಂಬಾಗಿಲನ್ನೇ, ಗಾಜು, ವೈಪರು, ಅದನ್ನು ಆಡಿಸುವ ಗುಂಡಿ, ನೀರಿನ ಕೊಳವೆ ಸಮೇತ ಕಳಚಿ ನಮ್ಮದಕ್ಕೆ ಕೂರಿಸಿದ್ದರು. ಎರಡೂ ಬಿಳಿಯೇ. ಆದರೆ ನಮ್ಮದು ಹಾಲಿನ ಬಿಳಿ, ಬಾಗಿಲು ಹಾಲಿಗೆ ಒಂದು ಹನಿ ಬೆಲ್ಲದ ನೀರು ಬಿದ್ದಂಥ ಬಿಳಿ. ಅಪ್ಪ ಮುಖ ಕಿವುಚಿದ. ಅವ್ವ ಆ ಬಾಗಿಲನ್ನು ಒಂದು ಸಲ ಸವರಿ, ತಟ್ಟೆ ತಂದು, ದೀಪ ಹಚ್ಚಿ, ನಿಂತಲ್ಲಿಂದಲೇ, ಅಂದರೆ ಹಿಂದುಗಡೆಯಿಂದಲೇ ಆರತಿ ಶುರುಮಾಡಿದಳು. ಡಿಕ್ಕಿಯಲ್ಲಿ ನಮ್ಮ ಹಗ್ಗವನ್ನು ಅವರು ನೀಟಾಗಿ ಸುತ್ತಿ ಇಟ್ಟುಕಳಿಸಿದ್ದರು. ಅಪ್ಪ ಅದನ್ನು ಕೊಟ್ಟಿಗೆಗೆ ಎಸೆಯಹೋದ.

"ಆ ಅಗ್ಗ ಅಲ್ಲೇ ಇರ್ಲಿ" ಅಂದಳು ಅವ್ವ.

ಆ ಕಾರನ್ನು ಎಷ್ಟೋ ವರ್ಷ ಓಡಿಸಿ ಆಮೇಲೆ ಮಾರಿದೆವು. ದನ ಮಾರಿದರೂ ಹಗ್ಗ ಮಾರುವುದಿಲ್ಲವಲ್ಲ, ಅದು ನಮ್ಮಲ್ಲೇ ಉಳಿಯಿತು, ಹೀಗೆ ನನ್ನ ಡಿಕ್ಕಿಗೆ ಬಂತು. ಆದರೆ ನಾನು ಹೇಳಬೇಕೆಂದದ್ದು ಮಾರಿದ ಕಥೆಯಲ್ಲ, ಮೊದಲ ಸಲ ಹೊಣಕೆರೆಗೆ ಹೋದದ್ದು.

ಅಷ್ಟರಲ್ಲಿ ಅಪ್ಪ ಸಾಬ್ರ ಹತ್ತಿರ ಓಡಿಸಲು ಕಲಿತಿದ್ದ. ಬ್ರೇಕು ಒತ್ತುವಾಗೆಲ್ಲ ಸ್ಟೇರಿಂಗನ್ನು ಎದೆಗೆ ಎಳೆದುಕೊಂಡು ಹೋ ಹೋ ಎನ್ನುವುದೊಂದು ಬಿಟ್ಟರೆ ಚೆನ್ನಾಗಿಯೇ ಓಡಿಸುತ್ತಿದ್ದ. ಹೊಣಕೆರೆಯಲ್ಲಿ ಮಾವಂದಿರು, ಅತ್ತೆಯಂದಿರು, ಒಂದು ಹಿಂಡು ಮಕ್ಕಳು, ಎಲ್ಲರೂ ಸರದಿಯಲ್ಲಿ ಕಾರು ಹತ್ತಿ ಇಳಿದರು. ಉಂಡು, ಮಲಗಿ, ಇಳಿಹೊತ್ತಿಗೆ ಹೊರಟೆವು. ಅಜ್ಜಿ ಕೋಲೂರಿಕೊಂಡು ಬೇವಿನ ಮರದ ತನಕ ಬಂದು, ಎಂದಿನಂತೆ ಸೆರಗು ಹಿಡಿದು ನಿಂತಳು. ಕಾರು ಹೊರಟಿತು, ಮಣ್ಣು ರಸ್ತೆಯ ಧೂಳೆಲ್ಲ ಎದ್ದು ಹಿಂದಿನ ಗಾಜಿಗೆ ಮೆತ್ತಿತು. ಅಜ್ಜಿ ಮಾಯವಾದಳು. ಅವ್ವ ಆಗಲೇ ಹಿಂದಿನ ಸೀಟಿನಲ್ಲಿ ಮಂಡಿಯೂರಿ ಹಿಂದಕ್ಕೆ ಮುಖ ಮಾಡಿದ್ದಳು. ಈ ಸಲ ನಾನೂ ಅವಳ ಪಕ್ಕದಲ್ಲಿ ಮಂಡಿಯೂರಿದ್ದೆ.

ಅಪ್ಪ ಗುಂಡಿ ಒತ್ತಿದ. ನೀರು ಚಿಮ್ಮಿತು, ಕೈ ಎದ್ದಿತು, ಈ ಕಡೆಯಿಂದ ಆ ಕಡೆಗೆ ಹೋಯಿತು, ಬಂತು. ಗಾಜಿನಲ್ಲಿ ಬೀಸಣಿಗೆಯಷ್ಟು ಜಾಗ ಬೆಳ್ಳಗಾಯಿತು. ಅದರೊಳಗೆ ಬೇವಿನ ಮರ, ಅದರ ಕೆಳಗೆ ಅಜ್ಜಿ. ಕೈ ಮತ್ತೆ ಹೋಯಿತು, ಬಂತು. ಅಜ್ಜಿ ಕಾರಿನ ಬೆನ್ನಿನಲ್ಲಿ ಆಡುತ್ತಿರುವ ಆ ಕೈಯನ್ನೇ ನೋಡುತ್ತಿದ್ದಳು. ಅದೇನೆಂದುಕೊಂಡಳೋ, ಜನ್ಮದಲ್ಲಿ ಯಾರಿಗೂ ಕೈ ಬೀಸದವಳು, ಸೆರಗು ಬಿಟ್ಟು, ಕೋಲನ್ನು ಕಂಕುಳಿಗೆ ಸಿಕ್ಕಿಸಿ, ತನ್ನ ಕೈ ಮೇಲೆತ್ತಿ, ಅದು ಆಡಿದ ಹಾಗೇ ಈ ಕಡೆಗೊಮ್ಮೆ ಆ ಕಡೆಗೊಮ್ಮೆ ಆಡಿಸತೊಡಗಿದಳು.

ಅವ್ವ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಚಿಮ್ಮಿದ ನೀರು ಆರಿ, ಒಣ ಗಾಜಿನ ಮೇಲೆ ವೈಪರು ಕಿರ್ ಕಿರ್ ಎನ್ನಲು ಶುರುವಾಯಿತು. ಅಪ್ಪ ನಿಲ್ಲಿಸಲು ಕೈ ಚಾಚಿದ. ಬೇಡ, ತಿರುವು ದಾಟುವ ತನಕ ಆಡಲಿ ಎಂದಳು ಅವ್ವ.

"ರಬ್ಬರು ಸವೆದೋಯ್ತದೆ ಕಣೆ" ಎಂದ ಅಪ್ಪ.

ಅವ್ವ ಗಾಜಿನಿಂದ ಕಣ್ಣು ತೆಗೆಯಲಿಲ್ಲ.

"ಸವೀಲಿ" ಅಂದಳು. "ಅಗ್ಗ ಡಿಕ್ಕೀಲೇ ಅದೆ."